ಹಸಿರು ಕಟ್ಟಡಕ್ಕೆ ತಂಡ ಕಟ್ಟಿ ನಡೆಸುವುದು ಹೇಗೆ: ಮೊದಲ ಸಭೆಯಿಂದ ಮೊದಲ ಮಳೆಗಾಲದವರೆಗೆ

ಚಿಕ್ಕ ಶಾಲೆ, ಟ್ರಸ್ಟಿನ ಕಚೇರಿ, ಊರಿನ ಗ್ರಂಥಾಲಯ, ಇಲ್ಲವೇ ಸ್ವಲ್ಪ ದೊಡ್ಡ ಮನೆ. ಬೇಸಿಗೆಯಲ್ಲಿ ಒಳಗೆ ಬೇಯಬಾರದು, ಹಗಲಲ್ಲಿ ಲೈಟ್ ಹಾಕುವಂತಿರಬಾರದು, ಮಳೆನೀರು ಚರಂಡಿಗೆ ಹೋಗಬಾರದು, ಸಿಮೆಂಟು ಕಬ್ಬಿಣ ಬೇಕಾದ್ದಕ್ಕಿಂತ ಜಾಸ್ತಿ ಸುರಿಯಬಾರದು ಅಂತ ನೀವು ತೀರ್ಮಾನ ಮಾಡಿದ್ದೀರಿ. ಹಣವೂ ಹೆಚ್ಚುಕಮ್ಮಿ ಹೊಂದಿದೆ. ಈಗ ಈ ಕೆಲಸವನ್ನು ಮುಂದೆ ನಿಂತು ನಡೆಸುವವರು ಯಾರು, ಹೇಗೆ? ಈ ಬರಹ ಅವರಿಗೆ.

ಸಾಮಾನಿನ ಬಗ್ಗೆ ನಮ್ಮಲ್ಲಿ ಕೊರತೆಯಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ (ಐಐಎಸ್‌ಸಿ) ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕಾಗಿ 1974ರಲ್ಲಿ ಶುರುವಾದ ಅಸ್ತ್ರ ಕೇಂದ್ರ ಒತ್ತಿದ ಮಣ್ಣಿನ ಬ್ಲಾಕಿನ ವಿದ್ಯೆಯನ್ನು ಚೆನ್ನಾಗಿ ಪಳಗಿಸಿ ಕೊಟ್ಟಿದೆ. ಕರಾವಳಿಯಲ್ಲಿ ಕೆಂಪುಕಲ್ಲು ಇದೆ, ಕಲಬುರಗಿ ಕಡೆ ಶಹಾಬಾದ್ ಕಲ್ಲು ಇದೆ, ಮಂಗಳೂರು ಹೆಂಚು 1865ರಿಂದ ಕಾರ್ಖಾನೆಯಲ್ಲೇ ತಯಾರಾಗುತ್ತಿದೆ. ಆದರೂ ಎಷ್ಟೋ ಹಸಿರು ಕಟ್ಟಡಗಳು ಅರ್ಧ ದಾರಿಯಲ್ಲಿ ಮಾಮೂಲಿ ಕಟ್ಟಡಗಳಾಗಿಬಿಡುತ್ತವೆ. ಕಾರಣ ಹುಡುಕುತ್ತಾ ಹೋದರೆ ಬಹಳ ಸಲ ಸಿಗುವುದು ಒಂದೇ: ಒಬ್ಬರ ಕೆಲಸ ಇನ್ನೊಬ್ಬರ ಕೈಗೆ ದಾಟುವ ಜಾಗದಲ್ಲಿ ಮಾತುಕತೆ ಆಗಿರುವುದಿಲ್ಲ. ಆರ್ಕಿಟೆಕ್ಟ್ ಬರೆದದ್ದು ಮೇಸ್ತ್ರಿಗೆ ತಲುಪಿರುವುದಿಲ್ಲ. ಮೇಸ್ತ್ರಿ ಕಟ್ಟಿದ್ದನ್ನು ಎಲೆಕ್ಟ್ರಿಷಿಯನ್ ಒಡೆಯುತ್ತಾನೆ. ಪ್ಲಂಬರ್ ಇಟ್ಟ ಟ್ಯಾಂಕಿನ ನೆರಳು ಸೋಲಾರ್ ಪ್ಯಾನೆಲ್ ಮೇಲೆ ಬೀಳುತ್ತದೆ. ಆದ್ದರಿಂದ ಮುಂದೆ ನಿಂತವರು ಮುಖ್ಯವಾಗಿ ಕಾಯಬೇಕಾದ್ದು ಈ ದಾಟುವ ಜಾಗಗಳನ್ನು.

ಉದಾಹರಣೆಗೆ ತುಮಕೂರು ಸುತ್ತಮುತ್ತ ಎರಡಂತಸ್ತಿನ, ಸುಮಾರು 6,000 ಚದರಡಿಯ ಶಾಲಾ ಕಟ್ಟಡವನ್ನು ಇಟ್ಟುಕೊಳ್ಳೋಣ. ಮಣ್ಣಿನ ಬ್ಲಾಕಿನ ಗೋಡೆ, ಫಿಲ್ಲರ್ ಸ್ಲ್ಯಾಬ್ (ಒಂದಷ್ಟು ಕಾಂಕ್ರೀಟಿನ ಬದಲು ಹೆಂಚು ಕೂರಿಸಿದ ಚಾವಣಿ), ಮಳೆನೀರಿನ ಸಂಪ್. ನಿಮ್ಮದು ಬೇರೆ ಊರಾದರೆ ಸಾಮಾನು ಬದಲಾಗುತ್ತದೆ. ತಂಡ ನಡೆಸುವ ಕ್ರಮ ಅಷ್ಟಾಗಿ ಬದಲಾಗುವುದಿಲ್ಲ.

1. ಒಂದು ಹಾಳೆಯಲ್ಲಿ ಗುರಿ ಬರೆಯಿರಿ, ಅಂಕಿಯಲ್ಲಿ ಬರೆಯಿರಿ

"ಪರಿಸರಸ್ನೇಹಿ ಕಟ್ಟಡ ಬೇಕು" ಅಂದರೆ ಕೇಳಿದ ಎಲ್ಲರೂ ತಲೆ ಆಡಿಸುತ್ತಾರೆ, ಒಬ್ಬೊಬ್ಬರೂ ಒಂದೊಂದು ಅರ್ಥ ಮಾಡಿಕೊಳ್ಳುತ್ತಾರೆ. ಅದರ ಬದಲು ಅಳೆಯಲು ಬರುವ ಹಾಗೆ ಬರೆಯಿರಿ. "ಬೆಳಗ್ಗೆ 9ರಿಂದ ಸಂಜೆ 4ರವರೆಗೆ ಯಾವ ತರಗತಿಯಲ್ಲೂ ಲೈಟ್ ಹಾಕಬಾರದು." "ಏಸಿ ಇಲ್ಲ, ಫ್ಯಾನ್ ಮಾತ್ರ, ಅದೂ ಬಿಎಲ್‌ಡಿಸಿ." ಬಿಎಲ್‌ಡಿಸಿ ಅಂದರೆ ಕಡಿಮೆ ಕರೆಂಟು ಎಳೆಯುವ ಮೋಟಾರಿನ ಫ್ಯಾನ್. ಹಳೆಯ ಫ್ಯಾನ್ ಸುಮಾರು 75 ವಾಟ್ ಎಳೆದರೆ ಇದು 30ರ ಆಸುಪಾಸಿನಲ್ಲಿ ಮುಗಿಸುತ್ತದೆ.

ನೀರಿನದ್ದು ನೀವೇ ಲೆಕ್ಕ ಹಾಕಬಹುದು. ಚಾವಣಿ 3,000 ಚದರಡಿ ಅಂದರೆ ಸುಮಾರು 280 ಚದರ ಮೀಟರ್. ವರ್ಷಕ್ಕೆ 800 ಮಿಲಿಮೀಟರ್ ಮಳೆ ಅಂತ ಹಿಡಿದರೂ 2,24,000 ಲೀಟರ್ ಬೀಳುತ್ತದೆ. ಆವಿಯಾಗಿ, ಸೋರಿ, ಮೊದಲ ಮಳೆಯ ಕೊಳೆನೀರು ಬಿಟ್ಟು ಶೇ 80 ಕೈಗೆ ಸಿಕ್ಕಿದರೂ ಒಂದೂ ಮುಕ್ಕಾಲು ಲಕ್ಷ ಲೀಟರ್ ದಾಟುತ್ತದೆ. ಇಷ್ಟು ನೀರನ್ನು ಎಲ್ಲಿ ಇಡುತ್ತೇವೆ, ಎಷ್ಟು ಬಳಸುತ್ತೇವೆ, ಎಷ್ಟು ಇಂಗಿಸುತ್ತೇವೆ ಅನ್ನುವ ಮೂರು ಸಾಲು ಆ ಹಾಳೆಯಲ್ಲಿ ಇರಲಿ.

ಶಾಖದ್ದಕ್ಕೆ ಸಿದ್ಧ ಅಳತೆಗೋಲು ಇದೆ. ಕೇಂದ್ರದ ಇಂಧನ ದಕ್ಷತಾ ಬ್ಯೂರೋ 2018ರಲ್ಲಿ ತಂದ ಇಕೋ ನಿವಾಸ್ ಸಂಹಿತೆ ವಾಸದ ಕಟ್ಟಡಗಳಿಗೆ ಹೇಳಿದ್ದು. ಆದರೆ ಅದರ ಚಾವಣಿಯ ಮಿತಿಯನ್ನು ಶಾಲೆಗೂ ಧಾರಾಳವಾಗಿ ಎರವಲು ಪಡೆಯಬಹುದು. ಚಾವಣಿಯ ಯು-ಮೌಲ್ಯ, ಅಂದರೆ ಅದರ ಮೂಲಕ ಶಾಖ ಎಷ್ಟು ಸರಾಗವಾಗಿ ಒಳಗೆ ಬರುತ್ತದೆ ಅನ್ನುವ ಅಳತೆ, 1.2 ಮೀರಬಾರದು ಅನ್ನುತ್ತದೆ ಸಂಹಿತೆ. ಏನೂ ಹೊದಿಸದ ಬರೀ ಕಾಂಕ್ರೀಟ್ ಸ್ಲ್ಯಾಬ್‌ಗೆ ಇದು ಎರಡು ಮೂರು ಪಟ್ಟು ಇರುತ್ತದೆ. ಮೇಲಿನ ಮಹಡಿ ಮಾರ್ಚಿನಲ್ಲಿ ಕಾದ ಹೆಂಚಿನಂತಾಗುವುದು ಸುಮ್ನೆ ಅಲ್ಲ.

ಅಂಕಿ ಕೊಟ್ಟರೆ ತಂಡ ಹೇಗೆ ಬದಲಾಗುತ್ತದೆ ಅನ್ನುವುದಕ್ಕೆ ಇನ್ಫೋಸಿಸ್‌ನ ಹೈದರಾಬಾದ್ ಕ್ಯಾಂಪಸ್ಸಿನ ಒಂದು ಕಟ್ಟಡ ಒಳ್ಳೆಯ ಉದಾಹರಣೆ. ಅದರ ಒಂದು ಅರ್ಧಕ್ಕೆ ಒಳ್ಳೆಯ ದರ್ಜೆಯ ಮಾಮೂಲಿ ಏಸಿ, ಇನ್ನೊಂದು ಅರ್ಧಕ್ಕೆ ಸ್ಲ್ಯಾಬಿನೊಳಗಿನ ಪೈಪಿನಲ್ಲಿ ತಣ್ಣೀರು ಹರಿಸುವ ವ್ಯವಸ್ಥೆ ಹಾಕಿ, ಎರಡಕ್ಕೂ ಬೇರೆಬೇರೆ ಮೀಟರ್ ಇಟ್ಟು ಅಳೆದರು. ತಣ್ಣೀರಿನ ಅರ್ಧ ಸುಮಾರು ಮೂರನೇ ಒಂದು ಭಾಗ ಕಡಿಮೆ ವಿದ್ಯುತ್ ಬಳಸಿತು. ನಮ್ಮ ಶಾಲೆಗೆ ಅಂಥ ಯಂತ್ರ ಬೇಡ, ಅಳೆಯುವ ಆ ಅಭ್ಯಾಸ ಬೇಕು.

ಸರ್ಟಿಫಿಕೇಟ್ ಬೇಕೇ ಅನ್ನುವುದನ್ನೂ ಈಗಲೇ ನಿರ್ಧರಿಸಿ. 2,500 ಚದರ ಮೀಟರಿಗಿಂತ ಚಿಕ್ಕ ಕಟ್ಟಡಗಳಿಗೆ ಹಸಿರು ಕಟ್ಟಡಗಳಿಗೆ ಅಂಕ ಕೊಡುವ 'ಗೃಹ' ಅನ್ನುವ ಸಂಸ್ಥೆಯ 'ಸ್ವಗೃಹ' ರೇಟಿಂಗ್ ಇದೆ, ಭಾರತೀಯ ಹಸಿರು ಕಟ್ಟಡ ಮಂಡಳಿಯ (ಐಜಿಬಿಸಿ) ರೇಟಿಂಗ್‌ಗಳೂ ಇವೆ. ಕಟ್ಟಡ ಮುಗಿದ ಮೇಲೆ ಅರ್ಜಿ ಹಾಕೋಣ ಅಂದರೆ ಅರ್ಧ ದಾಖಲೆ ಸಿಗುವುದಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಚಿಕ್ಕ ಕಟ್ಟಡಕ್ಕೆ ಫಲಕಕ್ಕಿಂತ ಆ ರೇಟಿಂಗ್‌ನ ಪ್ರಶ್ನೆಪಟ್ಟಿಯೇ ಜಾಸ್ತಿ ಉಪಯೋಗ. ಅದನ್ನು ಇಳಿಸಿಕೊಂಡು ಸಭೆಯಲ್ಲಿ ಒಂದೊಂದಾಗಿ ಓದಿ.

2. ಮೇಸ್ತ್ರಿಯನ್ನು ಮೊದಲೇ ಕರೆಯಿರಿ

ನಮ್ಮಲ್ಲಿ ರೂಢಿಯ ಕ್ರಮ ಹೀಗಿದೆ. ಆರ್ಕಿಟೆಕ್ಟ್ ಪ್ಲಾನ್ ಮುಗಿಸುತ್ತಾರೆ. ಅದು ಸ್ಟ್ರಕ್ಚರಲ್ ಎಂಜಿನಿಯರ್ ಹತ್ತಿರ ಹೋಗುತ್ತದೆ. ಆಮೇಲೆ ಕಂಟ್ರಾಕ್ಟರ್ ದರ ಕೊಡುತ್ತಾನೆ. ಗೋಡೆ ಎದ್ದ ಮೇಲೆ ಎಲೆಕ್ಟ್ರಿಷಿಯನ್, ಪ್ಲಂಬರ್ ಬರುತ್ತಾರೆ. ಗಿಲಾವು ಮಾಡುವ ಕಟ್ಟಡಕ್ಕೆ ಇದು ಹೇಗೋ ನಡೆಯುತ್ತದೆ, ಏಕೆಂದರೆ ಎಲ್ಲರ ತಪ್ಪನ್ನೂ ಗಿಲಾವು ಮುಚ್ಚುತ್ತದೆ. ಬ್ಲಾಕು ಹಾಗೆಯೇ ಕಾಣುವ ಗೋಡೆಯಲ್ಲಿ ಮುಚ್ಚಲು ಏನೂ ಇಲ್ಲ.

ಆದ್ದರಿಂದ ಪ್ಲಾನಿನ ಗೆರೆ ಗಟ್ಟಿಯಾಗುವ ಮೊದಲೇ ಇವರೆಲ್ಲ ಒಂದು ಕಡೆ ಕೂರಬೇಕು: ಆರ್ಕಿಟೆಕ್ಟ್, ಸ್ಟ್ರಕ್ಚರಲ್ ಎಂಜಿನಿಯರ್, ಗಾರೆ ಮೇಸ್ತ್ರಿ, ಎಲೆಕ್ಟ್ರಿಷಿಯನ್, ಪ್ಲಂಬರ್, ಮತ್ತು ನಾಳೆ ಆ ಕಟ್ಟಡವನ್ನು ಬಳಸುವವರಲ್ಲಿ ಒಬ್ಬರು. ಶಾಲೆಯಾದರೆ ಹೆಡ್ ಮಾಸ್ಟರ್ ಜೊತೆಗೆ ಗುಡಿಸಿ ಒರೆಸುವ ಆಯಾ ಅವರನ್ನೂ ಕರೆಯಿರಿ. ಯಾವ ಮೂಲೆಗೆ ಪೊರಕೆ ಹೋಗುವುದಿಲ್ಲ, ಯಾವ ಕಿಟಕಿಯನ್ನು ಯಾರೂ ತೆರೆಯುವುದಿಲ್ಲ ಅನ್ನುವುದು ಅವರಿಗೇ ಗೊತ್ತು.

ಸಭೆಗೆ ಬರುವ ಮೇಸ್ತ್ರಿಗೂ ಪ್ಲಂಬರ್‌ಗೂ ಆ ದಿನದ ಕೂಲಿ ಕೊಡಿ. ಅವರು ಕೆಲಸ ಬಿಟ್ಟು ಬಂದಿರುತ್ತಾರೆ. ಪುಕ್ಕಟೆ ಕರೆದರೆ ಅವರು ಸುಮ್ಮನೆ ಕೂತು ಎದ್ದು ಹೋಗುತ್ತಾರೆ. ದುಡ್ಡು ಕೊಟ್ಟು "ಈ ಗೋಡೆ ಹೀಗೆ ಕಟ್ಟಲು ನಿಮಗೆ ಏನು ಕಷ್ಟ, ಹೇಳಿ ಅಣ್ಣಾ" ಅಂದರೆ ಬಾಯಿ ಬಿಡುತ್ತಾರೆ.

ಆರಿಸುವಾಗ ಹೊಸ ಕಟ್ಟಡದ ಫೋಟೋ ನೋಡಬೇಡಿ. ಐದಾರು ಮಳೆಗಾಲ ಕಂಡ ಕಟ್ಟಡ ತೋರಿಸಿ ಅಂತ ಕೇಳಿ. ಅಲ್ಲಿ ಗೋಡೆಯ ಬುಡ ನೋಡಿ, ಕಿಟಕಿಯ ಕೆಳಗಿನ ಮೂಲೆ ನೋಡಿ. ನೆಲದಿಂದ ಸಿಡಿದ ಮಳೆನೀರು ಬ್ಲಾಕನ್ನು ತಿಂದಿದೆಯೇ? ಕಿಟಕಿ ಮೂಲೆಯಿಂದ ಓರೆ ಬಿರುಕು ಓಡಿದೆಯೇ? ಅಲ್ಲಿ ವಾಸ ಮಾಡುವವರ ಜೊತೆ ಒಂದು ಟೀ ಕುಡಿಯಿರಿ. ಅರ್ಧ ಗಂಟೆಯಲ್ಲಿ ನಿಮಗೆ ಬೇಕಾದ್ದೆಲ್ಲ ಗೊತ್ತಾಗುತ್ತದೆ.

ಕೊನೆಯ ಮಾತು ಯಾರದ್ದು ಅನ್ನುವುದೂ ಇಲ್ಲೇ ತೀರ್ಮಾನವಾಗಲಿ. ಟ್ರಸ್ಟಿಗಳು ಏಳು ಜನ ಇದ್ದರೆ ಏಳು ಜನರೂ ಸೈಟಿಗೆ ಬಂದು ಏಳು ಮಾತು ಹೇಳಬಾರದು. ಒಬ್ಬರ ಹೆಸರು ಬರೆಯಿರಿ. ಮೇಸ್ತ್ರಿ ಅವರ ಮಾತು ಮಾತ್ರ ಕೇಳಲಿ.

3. ಮೊದಲ ಸಭೆ ಜಾಗದಲ್ಲೇ ಆಗಲಿ

ಬೆಂಗಳೂರಿನ ದೊಮ್ಮಲೂರಿನಲ್ಲಿ ಇಂಧನ, ಪರಿಸರದ ಸಂಶೋಧನೆ ಮಾಡುವ ಟೆರಿ ಸಂಸ್ಥೆಯ ಕಟ್ಟಡ ಇದೆ. ವಿನ್ಯಾಸ ಆರ್ಕಿಟೆಕ್ಟ್ ಸಂಜಯ್ ಮೋಹೆ ಅವರದ್ದು. ಆ ಜಾಗದ ದಕ್ಷಿಣಕ್ಕೆ ಕೊಳಚೆ ಹರಿಯುವ ಕಾಲುವೆ. ಗಾಳಿ ಆ ಕಡೆಯಿಂದ ಬೀಸಿದರೆ ವಾಸನೆಯೂ ಜೊತೆಗೆ ಬರುತ್ತದೆ. ಹಾಗಾಗಿ ಆ ಬದಿಯ ಗೋಡೆಯನ್ನು ಹೆಚ್ಚುಕಮ್ಮಿ ಮುಚ್ಚಿ, ಮೇಲೆ ಕಪ್ಪು ಕಡಪಾ ಕಲ್ಲು ಹೊದಿಸಿದರು. ಬಿಸಿಲಿಗೆ ಆ ಕಲ್ಲು ಕಾಯುತ್ತದೆ, ಅದರ ಹಿಂದಿನ ಗಾಳಿ ಬಿಸಿಯಾಗಿ ಮೇಲೇರುತ್ತದೆ, ಆ ಎಳೆತಕ್ಕೆ ಉತ್ತರದ ಕಡೆಯಿಂದ ತಂಪು ಗಾಳಿ ಕಟ್ಟಡದೊಳಗೆ ಬರುತ್ತದೆ. ಕಚೇರಿಯಲ್ಲಿ ಕೂತು ಪ್ಲಾನ್ ಎಳೆದಿದ್ದರೆ ಆ ವಾಸನೆ ಗೊತ್ತಾಗುತ್ತಿತ್ತೇ?

ಹೀಗಾಗಿ ಇಡೀ ತಂಡ ಒಂದು ಪೂರ್ತಿ ದಿನ ಜಾಗದಲ್ಲಿ ಕಳೆಯಲಿ. ಮರಗಳನ್ನು ಗುರುತು ಮಾಡಿ, ಕೊಂಬೆ ಎಲ್ಲಿಯವರೆಗೆ ಚಾಚಿದೆ ಅನ್ನುವುದನ್ನೂ ಅಳೆಯಿರಿ. ಮಳೆನೀರು ಯಾವ ಕಡೆಯಿಂದ ಬಂದು ಎಲ್ಲಿ ನಿಲ್ಲುತ್ತದೆ ಅಂತ ಅಕ್ಕಪಕ್ಕದ ಹೊಲದವರನ್ನು ಕೇಳಿ.

ಬಿಸಿಲಿನ ಲೆಕ್ಕವನ್ನು ಅಲ್ಲೇ ನಿಂತು ಮಾತಾಡಿ. ನಮ್ಮ ಬೆಂಗಳೂರು–ತುಮಕೂರು ಸೀಮೆ ಸುಮಾರು 13 ಡಿಗ್ರಿ ಅಕ್ಷಾಂಶದಲ್ಲಿದೆ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ಉತ್ತರಕ್ಕೇ ಇರುತ್ತಾನೆ. "ಉತ್ತರಕ್ಕೆ ಸಜ್ಜಾ ಬೇಡ" ಅನ್ನುವ ಮಾತು ಉತ್ತರ ಭಾರತದ್ದು, ಇಲ್ಲಿಗೆ ಹೊಂದುವುದಿಲ್ಲ. ದಕ್ಷಿಣದ ಕಿಟಕಿಗೆ ಎರಡಡಿ ಸಜ್ಜಾ ಹಾಕಿದರೆ ಡಿಸೆಂಬರ್ 21ರ ಮಧ್ಯಾಹ್ನದಲ್ಲೂ ಅದರ ಕೆಳಗೆ ಎರಡೂ ಮುಕ್ಕಾಲು ಅಡಿಯಷ್ಟು ನೆರಳು ಸಿಗುತ್ತದೆ. ಪೂರ್ವ ಪಶ್ಚಿಮಕ್ಕೆ ಮಾತ್ರ ಸಜ್ಜಾ ಅಷ್ಟಾಗಿ ಕೆಲಸಕ್ಕೆ ಬರುವುದಿಲ್ಲ, ಬಿಸಿಲು ಕೆಳಗಿನಿಂದ ನುಗ್ಗುತ್ತದೆ. ಆ ಕಡೆ ಮೆಟ್ಟಿಲು, ಶೌಚಾಲಯ, ಸ್ಟೋರ್ ರೂಮ್ ಇರಲಿ, ಇಲ್ಲವೇ ಜಾಲಿ ಗೋಡೆ, ಮರ. ತರಗತಿಗಳು ಉತ್ತರ ದಕ್ಷಿಣಕ್ಕೆ ಬಾಯಿ ತೆರೆಯಲಿ.

ಇದೇ ದಿನ ಮಣ್ಣನ್ನೂ ನೋಡಿ. ಮೇಲಿನ ಒಂದಡಿ ಮಣ್ಣಿನಲ್ಲಿ ಬೇರು, ಗೊಬ್ಬರ ಇರುತ್ತದೆ. ಅದು ಬ್ಲಾಕಿಗೆ ಬೇಡ, ಆದರೆ ಬಂಗಾರದಂಥದ್ದು. ಕೆರೆದು ಒಂದು ಮೂಲೆಗೆ ಹಾಕಿ, ಕೊನೆಗೆ ತೋಟಕ್ಕೆ ಬೇಕು. ಅದರ ಕೆಳಗಿನ ಮಣ್ಣು ತೆಗೆದು ಗಾಜಿನ ಬಾಟಲಿಗೆ ಮೂರನೇ ಒಂದು ಭಾಗ ಹಾಕಿ, ನೀರು ತುಂಬಿ, ಚಿಟಿಕೆ ಉಪ್ಪು ಸೇರಿಸಿ ಚೆನ್ನಾಗಿ ಅಲ್ಲಾಡಿಸಿ ಇಡಿ. ಮರಳು ಒಂದೆರಡು ನಿಮಿಷದಲ್ಲಿ ತಳ ಸೇರುತ್ತದೆ. ಜೇಡಿ ಕೂರಲು ಒಂದು ದಿನವಾದರೂ ಬೇಕು. ಬ್ಲಾಕಿಗೆ ಸರಿಹೊಂದುವ ಮಣ್ಣಿನಲ್ಲಿ ಮರಳಿನ ಭಾಗ ಮೂರನೇ ಎರಡರ ಹತ್ತಿರ, ಜೇಡಿ ನೂರಕ್ಕೆ ಹತ್ತು ಹದಿನೈದರಷ್ಟು ಇರಬೇಕು. ಜೇಡಿ ಜಾಸ್ತಿಯಿದ್ದರೆ ಕ್ರಷರ್ ಪುಡಿ ಬೆರೆಸಬೇಕಾಗುತ್ತದೆ. ಕರಿಮಣ್ಣಾದರೆ ಬರೀ ಸಿಮೆಂಟಿನಿಂದ ಆಗುವುದಿಲ್ಲ, ಸುಣ್ಣ ಬೇಕು. ಆಗ ಬೇರೆ ಗೋಡೆಯನ್ನೇ ಯೋಚಿಸುವುದು ವಾಸಿ. ಬಾಟಲಿ ಬರೀ ಅಂದಾಜು ಕೊಡುತ್ತದೆ. ಮಣ್ಣಿನ ಮಾದರಿಯನ್ನು ಲ್ಯಾಬಿಗೂ ಕಳಿಸಿ.

4. ಕರಾರು ಬರೆಯುವಾಗ ಯಾರಿಗೆ ಯಾವುದರಲ್ಲಿ ಲಾಭ ಅಂತ ನೋಡಿ

ಚದರಡಿಗೆ ಇಷ್ಟು ಅಂತ ಕೊಡುವ ಕಂಟ್ರಾಕ್ಟ್ ಹಸಿರು ಕಟ್ಟಡಕ್ಕೆ ಹೊಂದುವುದಿಲ್ಲ. ಫಿಲ್ಲರ್ ಸ್ಲ್ಯಾಬಿನಲ್ಲಿ ಕಾಂಕ್ರೀಟ್ ಉಳಿಯುತ್ತದೆ, ಆದರೆ ಕೈಕೆಲಸ ಜಾಸ್ತಿ. ಚದರಡಿ ದರದಲ್ಲಿ ಆ ಜಾಸ್ತಿ ಕೆಲಸಕ್ಕೆ ದುಡ್ಡಿಲ್ಲ. ಕಂಟ್ರಾಕ್ಟರ್ ಎರಡನೇ ವಾರಕ್ಕೇ "ಸಾರ್, ಮಾಮೂಲಿ ಮೋಲ್ಡ್ ಹಾಕಿಬಿಡೋಣ" ಅನ್ನುತ್ತಾನೆ. ಅವನನ್ನು ದೂರಿ ಫಲವಿಲ್ಲ.

ಐಟಂ ರೇಟ್ ಕರಾರು ಮಾಡಿ. ಬ್ಲಾಕ್ ಕಟ್ಟುವುದಕ್ಕೆ ಒಂದು ದರ, ಹೆಂಚು ಕೂರಿಸಿ ಸ್ಲ್ಯಾಬ್ ಹಾಕುವುದಕ್ಕೆ ಒಂದು ದರ, ಗೋಡೆ ಪಾಯಿಂಟಿಂಗ್‌ಗೆ (ಬ್ಲಾಕುಗಳ ನಡುವಿನ ಸಂದು ತುಂಬುವುದಕ್ಕೆ) ಒಂದು ದರ, ಕ್ಯೂರಿಂಗ್‌ಗೆ (ನೀರು ಹೊಡೆದು ಒದ್ದೆ ಇಡುವುದಕ್ಕೆ) ಬೇರೆ ಆಳಿನ ಕೂಲಿ. ಆರ್ಕಿಟೆಕ್ಟ್ ಫೀಸನ್ನು ಕಟ್ಟಡದ ಖರ್ಚಿನ ಶೇಕಡಾ ಲೆಕ್ಕದಲ್ಲಿ ಇಡುವುದಕ್ಕಿಂತ ಇಡಿಗಂಟಾಗಿ ಮಾತಾಡಿಕೊಳ್ಳುವುದು ಒಳ್ಳೆಯದು. ಸಾಮಾನು ಉಳಿಸಿದವರ ಫೀಸು ಕಡಿಮೆಯಾಗುವುದು ನ್ಯಾಯ ಅಲ್ಲ ಅಲ್ವಾ?

ಇನ್ನೊಂದು ಷರತ್ತು ತಪ್ಪದೆ ಬರಲಿ: ಕೊನೆಯ ಬಿಲ್ಲಿನ ಒಂದು ಸಣ್ಣ ಭಾಗ, ಶೇ 5ರಷ್ಟು, ಒಂದು ಮಳೆಗಾಲ ಕಳೆದ ಮೇಲೆ ಕೊಡತಕ್ಕದ್ದು.

5. ಮಳೆಗಾಲ ನೋಡಿ ಕೆಲಸದ ಸರದಿ ಹಾಕಿ

ಮೊದಲು ಸಂಪ್ ತೋಡಿ. ಮಾಮೂಲಿ ಕೆಲಸದಲ್ಲಿ ಸಂಪ್ ಕೊನೆಗೆ ಬರುತ್ತದೆ. ಮಣ್ಣಿನ ಬ್ಲಾಕಿನ ಕಟ್ಟಡದಲ್ಲಿ ಅದನ್ನು ಮುಂದಕ್ಕೆ ತಂದರೆ ಎರಡು ಕೆಲಸ ಒಟ್ಟಿಗೆ ಆಗುತ್ತದೆ. ತೋಡಿದ ಮಣ್ಣು ಬ್ಲಾಕಿಗೆ ಸಿಗುತ್ತದೆ, ಲಾರಿಯಲ್ಲಿ ಹೊರಗೆ ಸಾಗಿಸುವ ಖರ್ಚಿಲ್ಲ. ಕಟ್ಟಿ ಮುಗಿದ ಸಂಪ್‌ನಲ್ಲಿ ಕ್ಯೂರಿಂಗ್ ನೀರು ಇಟ್ಟುಕೊಳ್ಳಬಹುದು.

ನಮ್ಮ ಸೀಮೆಯಲ್ಲಿ ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ ಮಳೆ ಜೋರು. ಆದ್ದರಿಂದ ನವೆಂಬರ್ ಹೊತ್ತಿಗೆ ಸಂಪ್ ಗುಂಡಿ, ಡಿಸೆಂಬರ್‌ನಿಂದ ಬ್ಲಾಕ್ ಒತ್ತುವುದು. ಸಿಮೆಂಟು ಸುಮಾರು ಶೇ 7–8 ಬೆರೆಸಿ, ಮರ್ದಿನಿಯಂಥ ಕೈಯಂತ್ರದಲ್ಲಿ ಒತ್ತಿ, ನೆರಳಿನಲ್ಲಿ ಪೇರಿಸಿ, ಮೂರು ವಾರ ಒದ್ದೆ ಇಡಬೇಕು. ಆಮೇಲೆ ಒಣಗಬೇಕು. ಅಂದರೆ ಗೋಡೆ ಶುರುವಾಗುವುದಕ್ಕೆ ಐದಾರು ವಾರ ಮೊದಲೇ ಬ್ಲಾಕ್ ಕೆಲಸ ನಡೆದಿರಬೇಕು. ಬ್ಲಾಕ್ ತಂಡ ದಿನಕ್ಕೆ ಎಷ್ಟು ಒತ್ತುತ್ತದೆ ಅನ್ನುವುದನ್ನು ಮೊದಲ ಮೂರು ದಿನ ನೀವೇ ಎಣಿಸಿ, ಆ ಅಂಕಿಯ ಮೇಲೆ ಮುಂದಿನ ತಾರೀಖು ಹಾಕಿ. ನೀರು ಬೆರೆಸಿದ ಮಣ್ಣನ್ನು ಅರ್ಧ ಮುಕ್ಕಾಲು ಗಂಟೆಯೊಳಗೆ ಒತ್ತಿ ಮುಗಿಸಬೇಕು. ಹಾಗಾಗಿ ಊಟದ ಹೊತ್ತಿಗೆ ಮುಂಚೆ ದೊಡ್ಡ ರಾಶಿ ಕಲಸಲು ಬಿಡಬೇಡಿ. ಪೇರಿಸಿದ ಬ್ಲಾಕಿನಲ್ಲಿ ಆಗಾಗ ಒಂದೆರಡು ತೆಗೆದು ರಾತ್ರಿಯಿಡೀ ನೀರಿನಲ್ಲಿ ಮುಳುಗಿಸಿ. ಬೆಳಗ್ಗೆ ಅಂಚು ಉದುರಿದರೆ ಆ ದಿನದ ಕಲಸು ಸರಿಯಿಲ್ಲ ಅಂತ ಅರ್ಥ. ಎಷ್ಟು ಬಲ ಬೇಕು ಅನ್ನುವುದನ್ನು ಸ್ಟ್ರಕ್ಚರಲ್ ಎಂಜಿನಿಯರ್ ಬರೆದುಕೊಡಲಿ, ಲ್ಯಾಬಿನಲ್ಲಿ ಒದ್ದೆ ಬ್ಲಾಕನ್ನೇ ಪರೀಕ್ಷೆ ಮಾಡಿಸಿ.

6. ಮಾದರಿ ಗೋಡೆ: ಎಲ್ಲ ಜಗಳ ಇಲ್ಲೇ ಆಗಲಿ

ಇಡೀ ಕೆಲಸದಲ್ಲಿ ನಾನು ಯಾವುದನ್ನು ಬಿಟ್ಟರೂ ಇದನ್ನು ಬಿಡುವುದಿಲ್ಲ. ಪಾಯ ಮುಗಿಯುವ ಹೊತ್ತಿಗೆ ಸೈಟಿನ ಒಂದು ಮೂಲೆಯಲ್ಲಿ ಆರಡಿ ಉದ್ದ, ನಾಲ್ಕಡಿ ಎತ್ತರದ ಗೋಡೆ ಕಟ್ಟಿಸಿ. ಅದರಲ್ಲಿ ಒಂದು ಮೂಲೆ ತಿರುವು, ಅರ್ಧ ಕಿಟಕಿ, ಒಂದು ಸ್ವಿಚ್ ಬೋರ್ಡ್, ಒಂದು ನಲ್ಲಿ ಪೈಪು ಬರಬೇಕು. ಎಲ್ಲರೂ ಅಲ್ಲಿರಬೇಕು.

ಮೇಸ್ತ್ರಿ ಮೂರು ಸಾಲು ಕಟ್ಟಿದ ಕೂಡಲೇ ಮೊದಲ ಪ್ರಶ್ನೆ ಏಳುತ್ತದೆ. ಡ್ರಾಯಿಂಗ್ ಮಿಲಿಮೀಟರಿನಲ್ಲಿದೆ, ಮೇಸ್ತ್ರಿಯ ಟೇಪು ಅಡಿ ಅಂಗುಲದಲ್ಲಿದೆ. 190 ಅಂದರೆ ಏಳೂವರೆ ಅಂಗುಲ ಅಂತ ಅವರು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಾರೆ, ಮಧ್ಯದಲ್ಲಿ ಅರ್ಧ ಅಂಗುಲ ಕಳೆದುಹೋಗುತ್ತದೆ. ಸೈಟಿನ ಪ್ರತಿಯಲ್ಲಿ ಎರಡೂ ಅಳತೆ ಇರಲಿ ಅಂತ ಅಲ್ಲೇ ತೀರ್ಮಾನ. ಆಮೇಲೆ ಗಾರೆ. ಮೇಸ್ತ್ರಿಗೆ ಸಿಮೆಂಟು ಜಾಸ್ತಿ ಹಾಕಿದರೇ ಸಮಾಧಾನ. ಆದರೆ ಗಾರೆ ಬ್ಲಾಕಿಗಿಂತ ಗಟ್ಟಿಯಾದರೆ ಬಿರುಕು ಬ್ಲಾಕಿನಲ್ಲೇ ಬೀಳುತ್ತದೆ. ಸಿಮೆಂಟು, ಮಣ್ಣು, ಮರಳು ಸೇರಿಸಿದ ಗಾರೆ ಕಲಸಿ, ಅವರ ಕರಣೆಯಲ್ಲೇ ಹಚ್ಚಿ ನೋಡಲಿ. ಮಣ್ಣು ಸೇರಿದ ಗಾರೆ ಎಷ್ಟು ನುಣ್ಣಗೆ ಹರಡುತ್ತದೆ ಅನ್ನುವುದನ್ನು ಕೈ ಒಪ್ಪಿದರೆ ಬಾಯಿಯೂ ಒಪ್ಪುತ್ತದೆ.

ಈಗ ಎಲೆಕ್ಟ್ರಿಷಿಯನ್ ಸರದಿ. ಮಾಮೂಲಿ ಗೋಡೆಯಲ್ಲಿ ಅವನು ಕಟ್ಟರ್ ಹಿಡಿದು ಕೊರೆದು, ಪೈಪು ಇಟ್ಟು, ಮೇಲೆ ಸಿಮೆಂಟು ಬಳಿದು ಹೋಗುತ್ತಾನೆ. ಇಲ್ಲಿ ಕೊರೆದ ಗಾಯ ಕೊನೆಯವರೆಗೂ ಕಾಣುತ್ತದೆ, ಗೋಡೆಯ ಬಲವೂ ಹೋಗುತ್ತದೆ. ಹಾಗಾದರೆ ಪೈಪು ಎಲ್ಲಿ? ಒಂದು ದಾರಿ, ಗೋಡೆ ಏಳುವಾಗಲೇ ಬ್ಲಾಕಿನ ನಡುವೆ ಪೈಪು ನಿಲ್ಲಿಸಿ ಸುತ್ತ ಕಟ್ಟಿಕೊಂಡು ಬರುವುದು. ಆಗ ಮೇಸ್ತ್ರಿ ಕೆಲಸ ಮಾಡುವ ದಿನ ಎಲೆಕ್ಟ್ರಿಷಿಯನ್ನೂ ಸೈಟಿನಲ್ಲಿ ಇರಬೇಕು, ಅವನ ಕೂಲಿ ಬೇರೆ. ಇನ್ನೊಂದು, ಬಾಗಿಲ ಚೌಕಟ್ಟಿನ ಪಕ್ಕದಲ್ಲೇ ಒಂದು ಉದ್ದ ಸಂದು ಬಿಟ್ಟು, ಎಲ್ಲ ವೈರೂ ಅಲ್ಲಿಂದಲೇ ಇಳಿಯುವಂತೆ ಮಾಡಿ, ಮರದ ಪಟ್ಟಿ ಮುಚ್ಚುವುದು. ಶಾಲೆಗೆ ನಾನು ಎರಡನೆಯದನ್ನೇ ಹೇಳುತ್ತೇನೆ. ಮುಂದೆ ರಿಪೇರಿ ಬಂದರೆ ಪಟ್ಟಿ ಬಿಚ್ಚಿದರೆ ಸಾಕು.

ಈ ಮಾತುಕತೆ ಮಾದರಿ ಗೋಡೆಯ ಮುಂದೆ ಆದರೆ ಒಂದು ಮಧ್ಯಾಹ್ನದ ಕೆಲಸ. ನಿಜವಾದ ಗೋಡೆಯ ಮುಂದೆ ಆದರೆ ತಿಂಗಳ ಜಗಳ. ಗೋಡೆ ಮುಗಿದ ಮೇಲೆ ಎಲ್ಲರೂ ಒಪ್ಪಿದ ಫೋಟೋ ತೆಗೆದು, ಗೋಡೆಯನ್ನು ಕಟ್ಟಡ ಮುಗಿಯುವವರೆಗೂ ಉಳಿಸಿ. ರಾಯಚೂರಿನಿಂದಲೋ ಬಿಹಾರದಿಂದಲೋ ಹೊಸ ಗಾರೆಯವರು ಬಂದಾಗ, ಭಾಷೆ ಬಾರದಿದ್ದರೂ, "ಹೀಗೆ ಬೇಕು" ಅಂತ ಅದನ್ನು ತೋರಿಸಿದರೆ ಆಯಿತು.

7. ಮೋಲ್ಡ್ ಹಾಕುವ ಹಿಂದಿನ ದಿನ

ಸೆಂಟ್ರಿಂಗ್ ಆಯಿತು, ಬಾರ್ ಬೆಂಡರ್ ಕಂಬಿ ಕಟ್ಟಿದ, ಹೆಂಚು ಕೂರಿಸಿದರು. ಮರುದಿನ ಬೆಳಗ್ಗೆ ಮಿಕ್ಸರ್ ಬರುತ್ತದೆ. ಹಿಂದಿನ ಸಂಜೆ ನೀವು, ಎಂಜಿನಿಯರ್, ಮೇಸ್ತ್ರಿ, ಎಲೆಕ್ಟ್ರಿಷಿಯನ್, ಪ್ಲಂಬರ್ ಐದೂ ಜನ ಸ್ಲ್ಯಾಬಿನ ಮೇಲೆ ನಿಧಾನಕ್ಕೆ ಒಂದು ಸುತ್ತು ನಡೆಯಿರಿ.

ಫಿಲ್ಲರ್ ಸ್ಲ್ಯಾಬಿನಲ್ಲಿ ಕಂಬಿಗಳ ನಡುವೆ, ಕೆಳಭಾಗದಲ್ಲಿ ಹೆಂಚು ಕೂತಿರುತ್ತದೆ. ಅಲ್ಲಿ ಕಾಂಕ್ರೀಟಿಗೆ ಹೆಚ್ಚು ಕೆಲಸವಿಲ್ಲ, ಆದ್ದರಿಂದ ಆ ಜಾಗಕ್ಕೆ ಹಗುರದ ಹೆಂಚು. ಗೋಡೆಯ ಹತ್ತಿರದ ಪಟ್ಟಿ ಮಾತ್ರ ಪೂರ್ತಿ ಕಾಂಕ್ರೀಟಾಗಿರಬೇಕು. ನಿಮ್ಮ ಕಣ್ಣು ಹೋಗಬೇಕಾದ್ದು ಇಲ್ಲಿ: ಫ್ಯಾನ್ ಬಾಕ್ಸು ಹೆಂಚಿನ ಮೇಲೆ ಕೂತಿದೆಯೋ, ಹೆಂಚುಗಳ ನಡುವಿನ ಕಾಂಕ್ರೀಟ್ ಪಟ್ಟಿಯಲ್ಲಿ ಇದೆಯೋ? ವೈರಿನ ಪೈಪು ಹೆಂಚನ್ನು ಎತ್ತಿ ಹಾಕಿದೆಯೋ? ಕಂಬಿಯ ಕೆಳಗೆ ಅದನ್ನು ತಳದಿಂದ ಎತ್ತಿ ಹಿಡಿಯುವ ಕವರ್ ಬ್ಲಾಕ್ ಇದೆಯೋ? ಮಳೆನೀರಿನ ಪೈಪಿಗೆ ತೂತು ಬಿಟ್ಟಿದ್ದಾರೋ? ಹೆಂಚನ್ನು ನೆನೆಸಿದ್ದಾರೋ? ಒಣ ಹೆಂಚು ಕಾಂಕ್ರೀಟಿನ ನೀರು ಹೀರಿಬಿಡುತ್ತದೆ. ಓವರ್‌ಹೆಡ್ ಟ್ಯಾಂಕ್ ಎಲ್ಲಿ ಬರುತ್ತದೆ ಅಂತ ಪ್ಲಂಬರನ್ನು ಕೇಳಿ. ಪ್ಯಾನೆಲ್‌ಗಳ ಉತ್ತರಕ್ಕೆ ಇರಲಿ, ದಕ್ಷಿಣಕ್ಕೆ ಬಂದರೆ ನೆರಳು ನೇರ ಅವುಗಳ ಮೇಲೆ.

ಯಾರಾದರೂ ಒಬ್ಬರು "ಇನ್ನೂ ಆಗಿಲ್ಲ" ಅಂದರೆ ಮರುದಿನದ ಮೋಲ್ಡ್ ನಿಲ್ಲಬೇಕು. ಮಿಕ್ಸರ್ ಮುಂಗಡ ಹೋದರೆ ಹೋಗಲಿ. ಈ ನಿಯಮ ಮೊದಲೇ ಎಲ್ಲರಿಗೂ ಗೊತ್ತಿರಬೇಕು, ಇಲ್ಲದಿದ್ದರೆ ಯಾರೂ ಬಾಯಿ ತೆರೆಯುವುದಿಲ್ಲ.

ಕಾಂಕ್ರೀಟಿಗೆ ಹಾರುಬೂದಿ ಸೇರಿದ ಪಿಪಿಸಿ ಅಥವಾ ಸ್ಲ್ಯಾಗ್ (ಕಬ್ಬಿಣದ ಕುಲುಮೆಯ ಕಿಟ್ಟ) ಸೇರಿದ ಸಿಮೆಂಟ್ ಬಳಸಿ. ಇವು ನಿಧಾನಕ್ಕೆ ಬಲ ಪಡೆಯುತ್ತವೆ. ಹಾಗಾಗಿ ಕಾಂಕ್ರೀಟ್ ಕೆಲಸದ ಭಾರತೀಯ ಮಾನಕ ಐಎಸ್ 456 ಕೂಡ ಇಂಥ ಸಿಮೆಂಟಿಗೆ ಕ್ಯೂರಿಂಗ್ ಕನಿಷ್ಠ 10 ದಿನ ಅನ್ನುತ್ತದೆ, ಸಾದಾ ಸಿಮೆಂಟಿಗೆ 7. ನೀರು ಹೊಡೆಯುವವರು ಯಾರು, ಭಾನುವಾರ ಯಾರು ಅನ್ನುವುದನ್ನು ಹೆಸರು ಹಾಕಿ ಗೋಡೆಗೆ ಅಂಟಿಸಿ. ಸೆಂಟ್ರಿಂಗ್ ಬಿಚ್ಚುವ ದಿನವನ್ನು ಎಂಜಿನಿಯರ್ ಹೇಳಲಿ, ಬಾಡಿಗೆಗೆ ಕೊಟ್ಟವನ ಫೋನ್ ಬಂತು ಅಂತ ಬಿಚ್ಚುವಂತಿಲ್ಲ.

8. ವಾರಕ್ಕೊಂದು ಸಭೆ, ಒಂದೇ ಪುಸ್ತಕ

ಶನಿವಾರ ಬಟವಾಡೆಗೆ ಮುಂಚೆ ಅರ್ಧ ಗಂಟೆ, ನಿಂತುಕೊಂಡೇ. ಈ ವಾರ ಏನಾಯಿತು, ಮುಂದಿನ ವಾರ ಯಾರ ಕೆಲಸ ಯಾರಿಗೆ ದಾಟುತ್ತದೆ, ಅದಕ್ಕೆ ಏನು ಬೇಕು. ಅಷ್ಟೇ. ವಾಟ್ಸಾಪ್ ಗುಂಪು ಫೋಟೋಗೆ ಇರಲಿ. ತೀರ್ಮಾನ ಮಾತ್ರ ಸೈಟಿನಲ್ಲಿರುವ ಒಂದು ಲಾಂಗ್ ಬುಕ್ಕಿನಲ್ಲಿ ತಾರೀಖು, ಸಹಿ ಸಮೇತ ಬರಲಿ. ಅಲ್ಲಿ ಬರೆಯದ ಬದಲಾವಣೆ ಬದಲಾವಣೆಯೇ ಅಲ್ಲ.

9. ಕಟ್ಟುವವರ ಬದುಕೂ ಲೆಕ್ಕಕ್ಕೆ ಬರಲಿ

ನಾಳಿನ ಮಕ್ಕಳಿಗೆ ತಂಪಾದ ಕೋಣೆ ಕಟ್ಟುವವರು ತಗಡಿನ ಶೆಡ್ಡಿನಲ್ಲಿ ಬೇಯುತ್ತಿದ್ದರೆ ಆ ಕಟ್ಟಡವನ್ನು ಸುಸ್ಥಿರ ಅಂತ ಹೇಳಲು ನನಗೆ ಮನಸ್ಸು ಬರುವುದಿಲ್ಲ. ಶೆಡ್ಡಿನ ಮೇಲೆ ತೆಂಗಿನ ಗರಿ ಹಾಕಿಸಿ. ಹೆಂಗಸರಿಗೆ ಬಾಗಿಲು ಚಿಲಕ ಇರುವ ಶೌಚಾಲಯ ಕೆಲಸ ಶುರುವಾಗುವ ದಿನವೇ ಇರಬೇಕು. 18ರಿಂದ 60 ವರ್ಷದೊಳಗಿನವರು, ಹಿಂದಿನ ಒಂದು ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದರೆ, ರಾಜ್ಯದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಬಹುದು. ಕೆಲಸದ ದೃಢೀಕರಣ ಬೇಕಾದಾಗ ತಡಮಾಡದೆ ಬರೆದುಕೊಡಿ. ಬಟವಾಡೆ ಒಂದು ವಾರವೂ ತಪ್ಪಬಾರದು. ಕೈ ಪಳಗಿದ ಗಾರೆಯವರು ನಡುವೆ ಬಿಟ್ಟು ಹೋದರೆ ಮಾದರಿ ಗೋಡೆಯಲ್ಲಿ ಕಲಿತದ್ದೆಲ್ಲ ಮತ್ತೆ ಮೊದಲಿಂದ.

10. ದುಡ್ಡು ಸಾಲದೆ ಬಂದಾಗ

ಹೆಚ್ಚಿನ ಕೆಲಸಗಳಲ್ಲಿ ಲಿಂಟಲ್ ಮಟ್ಟ ದಾಟುವ ಹೊತ್ತಿಗೆ ಈ ಮಾತು ಬರುತ್ತದೆ. ಆಗ ಮೊದಲು ಕತ್ತರಿ ಬೀಳುವುದು ಕಣ್ಣಿಗೆ ಕಾಣದ್ದಕ್ಕೆ: ಚಾವಣಿಯ ಶಾಖ ತಡೆ, ಸಜ್ಜಾ, ಸ್ನಾನ-ಕೈತೊಳೆಯುವ ನೀರಿಗೆ ಹಾಕಬೇಕಿದ್ದ ಬೇರೆ ಪೈಪು. ಇವು ಮೂರನ್ನೂ ಮುಟ್ಟಬೇಡಿ. ಇವತ್ತು ಬಿಟ್ಟರೆ ನಾಳೆ ಹಾಕಲು ಗೋಡೆ ನೆಲ ಒಡೆಯಬೇಕು.

ಬದಲಿಗೆ ನೆಲದ ದುಬಾರಿ ಟೈಲ್ಸ್, ಮುಂಭಾಗದ ಗಾಜು, ಫಾಲ್ಸ್ ಸೀಲಿಂಗ್, ಗೇಟಿನ ಕಮಾನು ತೆಗೆಯಿರಿ. ಸೋಲಾರ್ ಪ್ಯಾನೆಲನ್ನೂ ಮುಂದಿನ ವರ್ಷಕ್ಕೆ ದೂಡಬಹುದು, ಅದಕ್ಕೆ ಬೇಕಾದ ಪೈಪು ಮತ್ತು ಜಾಗ ಈಗಲೇ ಬಿಟ್ಟಿದ್ದರೆ ಸಾಕು. ಕತ್ತರಿಸುವ ತೀರ್ಮಾನ ಟ್ರಸ್ಟಿನ ಮೀಟಿಂಗ್‌ನಲ್ಲಿ ಆಗದೆ, ಮೊದಲ ಹಾಳೆಯನ್ನು ಮುಂದಿಟ್ಟುಕೊಂಡು ಇಡೀ ತಂಡದ ಜೊತೆ ಆಗಲಿ. ಎಷ್ಟೋ ಸಲ ಮೇಸ್ತ್ರಿಯೇ ಖರ್ಚು ಉಳಿಸುವ ದಾರಿ ಹೇಳುತ್ತಾರೆ.

11. ಬೀಗದ ಕೈ ಕೊಟ್ಟ ಮೇಲೆ

ಉದ್ಘಾಟನೆಗೆ ಮುಂಚೆ ಪರೀಕ್ಷೆ ಮಾಡಿ. ಚಾವಣಿಯ ಒಂದೊಂದು ಮೂಲೆಗೂ ಬಕೆಟ್ಟಿನಲ್ಲಿ ನೀರು ಸುರಿದು, ಅದು ಫಿಲ್ಟರ್ ದಾಟಿ ಸಂಪ್‌ಗೆ ಬರುತ್ತದೆಯೇ ಅಂತ ಕೆಳಗೆ ಒಬ್ಬರನ್ನು ನಿಲ್ಲಿಸಿ ನೋಡಿ. ಮಧ್ಯಾಹ್ನ ಮೇಲಿನ ಮಹಡಿಯ ತರಗತಿಯಲ್ಲಿ ಲೈಟ್ ಆರಿಸಿ, ಕೊನೆಯ ಬೆಂಚಿನಲ್ಲಿ ಕೂತು ಕರಿಹಲಗೆ ಓದಿ. ಒಂದು ಸಾದಾ ಥರ್ಮಾಮೀಟರ್ ಅಲ್ಲೇ ತೂಗುಹಾಕಿ.

ಆಮೇಲೆ ಕನ್ನಡದಲ್ಲಿ ಒಂದು ಪುಟ ಬರೆದು ಲ್ಯಾಮಿನೇಟ್ ಮಾಡಿಸಿ, ಸ್ಟಾಫ್ ರೂಮಿನಲ್ಲಿ ಅಂಟಿಸಿ. ಯಾವ ಕಿಟಕಿ ಬೆಳಗ್ಗೆ ತೆರೆಯಬೇಕು, ಮೊದಲ ಮಳೆ ಬಂದಾಗ ಯಾವ ವಾಲ್ವ್ ತಿರುಗಿಸಿ ಕೊಳೆನೀರು ಹೊರಗೆ ಬಿಡಬೇಕು, ಫಿಲ್ಟರ್ ಯಾವಾಗ ತೊಳೆಯಬೇಕು, ಗೋಡೆಗೆ ಮೊಳೆ ಎಲ್ಲಿ ಹೊಡೆಯಬಾರದು. ಆಯಾ ಮತ್ತು ಪ್ಯೂನ್ ಇಬ್ಬರ ಕೈಯಲ್ಲೂ ಒಮ್ಮೆ ಆ ವಾಲ್ವ್ ತಿರುಗಿಸಿ ನೋಡಿ.

ಕರೆಂಟ್ ಮೀಟರ್ ಮತ್ತು ನೀರಿನ ಮೀಟರ್ ಓದಿದ್ದನ್ನು ತಿಂಗಳ ಒಂದನೇ ತಾರೀಖು ಬರೆದಿಡುವ ಕೆಲಸವನ್ನು ಎಂಟನೇ ತರಗತಿಯ ಮಕ್ಕಳಿಗೆ ಕೊಡಬಹುದು, ಅವರು ತಪ್ಪದೆ ಮಾಡುತ್ತಾರೆ. ಒಂದು ಬೇಸಿಗೆ, ಒಂದು ಮಳೆಗಾಲ ಕಳೆದ ಮೇಲೆ, ಅಂದರೆ ನವೆಂಬರ್ ಹೊತ್ತಿಗೆ, ಇಡೀ ತಂಡವನ್ನು ಮತ್ತೆ ಕರೆಯಿರಿ. ಮೇಸ್ತ್ರಿ, ಪ್ಲಂಬರ್, ಎಲೆಕ್ಟ್ರಿಷಿಯನ್ ಸಮೇತ. ಮೀಟರಿನ ಪುಸ್ತಕವನ್ನು ಮುಂದಿಟ್ಟು, ಗುರಿಯ ಹಾಳೆಯ ಒಂದೊಂದು ಸಾಲನ್ನೂ ಸರಿಯಿದೆ, ಇಲ್ಲ ಅಂತ ಗುರುತು ಮಾಡಿ. ಸೋರಿದ ಜಾಗ, ಬಿರುಕು, ಬುಡ ತಿಂದ ಗೋಡೆ ಇದ್ದರೆ ತೋರಿಸಿ, ಸರಿಪಡಿಸುವ ತಾರೀಖು ಬರೆಸಿಕೊಳ್ಳಿ. ಅದು ಮುಗಿದ ದಿನ ಉಳಿಸಿಟ್ಟ ಶೇ 5 ಹಣ ಕೊಟ್ಟುಬಿಡಿ, ಮತ್ತೆ ಓಡಾಡಿಸಬೇಡಿ.